ಕೆಂಪು ದಾರ ಕಟ್ಟಿದ ರಿವಾಲ್ವರ್

ನಮ್ಮನೆಯವರನ್ನು ಬೀದಿಯಲ್ಲಿ ಎಲ್ಲರೂ ವಾಪಸಣ್ಣ ಅನ್ನುತ್ತಿದ್ದರು. ಕೊಂಡದ್ದನ್ನೆಲ್ಲ ಅಂಗಡಿಗೆ ವಾಪಸ್ ಕೊಡುವ ಮನುಷ್ಯ. ಕುಕ್ಕರಿನ ಸೀಟಿ, ಟಾರ್ಚು, ಮಗಳ ಚಪ್ಪಲಿ. ಒಂದು ಕೊಡೆಯನ್ನು ಅಂಗಡಿಯಲ್ಲೇ ನಿಂತು ನಲವತ್ತು ಸಲ ಬಿಚ್ಚಿ ಮಡಚಿ, ನಲವತ್ತೊಂದನೆಯ ಸಲ ಕಡ್ಡಿ ಸಿಕ್ಕಿಕೊಂಡಾಗ "ನೋಡಿದ್ರಾ?" ಅಂತ ನಕ್ಕರು.

"ಅಣ್ಣಾ, ಕೊಡೆಗೆ ಮಳೆಗಿಂತ ನಿಮ್ಮ ಕಾಟವೇ ಜಾಸ್ತಿ" ಅಂದ ಅಂಗಡಿಯವನು.

ನಾನೊಮ್ಮೆ ಕೇಳಿದೆ. "ನನ್ನಲ್ಲಿ ದೋಷ ಸಿಕ್ಕಿದ್ರೆ ನನ್ನನ್ನೂ ತವರಿಗೆ ವಾಪಸ್ಸಾ?"

"ಪರೀಕ್ಷೆ ಇನ್ನೂ ಮುಗಿದಿಲ್ಲ ಕಣೆ" ಅಂದರು. ಆಗ ಮದುವೆಯಾಗಿ ಹನ್ನೆರಡು ವರ್ಷ.

ಅವರ ಕೆಲಸವೇ ಅದು. ಬೀಗದ ಕಾರ್ಖಾನೆಯಲ್ಲಿ ಕೊನೆಯ ಮೇಜು ಅವರದು. ಅಲ್ಲಿಂದ ಬೀಗ ನೇರ ಡಬ್ಬಿಗೆ ಹೋಗಬೇಕು. ಹತ್ತೊಂಬತ್ತು ವರ್ಷ ಅಲ್ಲಿ ಕೂತರು. ಕೆಟ್ಟ ಬೀಗ ಸಿಕ್ಕಿದರೆ ಅದರ ಕೊಂಡಿಗೆ ಕೆಂಪು ದಾರ ಕಟ್ಟಿ ಪಕ್ಕಕ್ಕಿಡುವುದು. ಕೆಂಪು ದಾರದ ಮಾಲು ಬಾಗಿಲು ದಾಟುವ ಹಾಗಿಲ್ಲ. ಮಾಲೀಕ ಬಂದು ನಿಂತರೂ ಇಲ್ಲ. ದಾರ ಕಟ್ಟಿದವನೇ ಬಿಚ್ಚಬೇಕು, ಅದೂ ದುರಸ್ತಿಯಾದ ಮೇಲೆ.

"ಬೀಗ ತನ್ನ ಬೀಗದ ಕೈಗೆ ತೆರೀತು ಅಂದ್ರೆ ಅರ್ಧ ಪರೀಕ್ಷೆ ಅಷ್ಟೇ" ಅನ್ನುತ್ತಿದ್ದರು. "ಬೇರೆಯವರ ಕೈಗೆ ತೆರೀಲಿಲ್ಲ ಅನ್ನೋದು ಇನ್ನರ್ಧ. ಜನ ಮೊದಲನೇ ಅರ್ಧಕ್ಕೇ ಎದ್ದು ಹೋಗ್ತಾರೆ." ಊಟಕ್ಕೆ ಕೂತಾಗ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಆಗ ನನಗೆ ಆಕಳಿಕೆ ಬರುತ್ತಿತ್ತು.

ಕಾರ್ಖಾನೆ ಮುಚ್ಚಿತು. ಹದಿನಾಲ್ಕು ತಿಂಗಳು ಮನೆಯಲ್ಲಿ ಕೂತರು. ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಟ್ಟು ಬಿಟ್ಟು ಹೊಸ್ತಿಲೆಲ್ಲ ಜಾರುತ್ತಿತ್ತು. ನಲ್ಲಿ ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಿದರು. ಮಗಳು ಹೈಸ್ಕೂಲು. ಅವಳ ಪೆನ್ಸಿಲುಗಳನ್ನೆಲ್ಲ ಒಂದೇ ಉದ್ದಕ್ಕೆ ಕೆತ್ತಿ ಇಟ್ಟರು. ಅವಳು ಅತ್ತಳು. ಮಾತು ಕಡಿಮೆಯಾಯಿತು. ಅದನ್ನೇ ಆಮೇಲೆ ಜನ ಹಿಡಿದುಕೊಂಡರು.

ಕೊನೆಗೆ ಒಂದು ಒಡವೆ ಅಂಗಡಿಯಲ್ಲಿ ಕಾವಲು ಕೆಲಸ ಸಿಕ್ಕಿತು. ಸ್ವಂತ ರಿವಾಲ್ವರ್ ಇದ್ದವರಿಗೆ ಮಾತ್ರ. ಲೈಸೆನ್ಸಿಗೆ ಅಲೆದಾಡಿ ಚಪ್ಪಲಿ ಸವೆಯಿತು. ಒಂದು ಶುಕ್ರವಾರ ರಿವಾಲ್ವರ್ ಮನೆಗೆ ಬಂತು. ಹೊಚ್ಚ ಹೊಸದು, ಎಣ್ಣೆ ಕಾಗದದಲ್ಲಿ ಸುತ್ತಿದ್ದು. ಸೋಮವಾರ ಕೆಲಸಕ್ಕೆ ಹಾಜರಾಗಬೇಕು.

ಬಿಚ್ಚಿದ ತಕ್ಷಣ ಅವರ ಮುಖ ಬದಲಾಯಿತು. ಅಡುಗೆಮನೆಯ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಕೂತರು. ಗುಂಡು ತುಂಬುವ ಉರುಳೆ ಅಲ್ಲಾಡುತ್ತಿತ್ತು. ಒಂದು ಸ್ಕ್ರೂ ತಲೆ ಕೆರೆದುಹೋಗಿತ್ತು. ನಳಿಗೆಯ ಬಾಯಲ್ಲಿ ಬೆರಳಿಗೆ ತಾಗುವಂಥ ಕಬ್ಬಿಣದ ಸಿಬಿರು. "ಇದನ್ನ ಯಾರು ಪಾಸ್ ಮಾಡಿದ್ರು? ಕಣ್ಣಿತ್ತಾ ಅವನಿಗೆ?" ಅಂತ ಬೈದುಕೊಂಡರು. ಎಷ್ಟೋ ತಿಂಗಳ ಮೇಲೆ ಅವರ ದನಿಯಲ್ಲಿ ಜೀವ ಕೇಳಿ ನನಗೆ ಖುಷಿಯೇ ಆಯಿತು.

ಆಮೇಲೆ ಮಗಳನ್ನು ಕರೆದು ರಬ್ಬರ್ ಇರುವ ಒಂದು ಪೆನ್ಸಿಲ್ ಕೇಳಿದರು. ರಿವಾಲ್ವರ್ ಖಾಲಿ ಇದೆ ಅಂತ ನಮಗಿಬ್ಬರಿಗೂ ತೋರಿಸಿದರು. ನಳಿಗೆಯೊಳಕ್ಕೆ ಪೆನ್ಸಿಲ್ ಇಳಿಸಿದರು, ರಬ್ಬರ್ ಕೆಳಗೆ. ಟ್ರಿಗರ್ ಒತ್ತಿದರು. ಒಳಗಿನ ಮೊಳೆ ರಬ್ಬರಿಗೆ ಬಡಿದು ಪೆನ್ಸಿಲ್ ಟಕ್ಕಂತ ಮೇಲೆ ಹಾರಿತು. ಮಗಳು ಚಪ್ಪಾಳೆ ತಟ್ಟಿದಳು.

"ಇದು ಅರ್ಧ" ಅಂದರು.

ಮತ್ತೆ ಪೆನ್ಸಿಲ್ ಇಳಿಸಿದರು. ಈ ಸಲ ಟ್ರಿಗರ್ ಮುಟ್ಟಲಿಲ್ಲ. ಹಿಂದೆ ಇರುವ ಪುಟ್ಟ ಸುತ್ತಿಗೆಯ ಬೆನ್ನಿಗೆ ಲಟ್ಟಣಿಗೆಯಿಂದ ಕುಟ್ಟಿದರು. ಹತ್ತು ಸಲ ಕುಟ್ಟಿದರು. ಮೂರು ಸಲ ಪೆನ್ಸಿಲ್ ಹಾರಿತು. ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಕೈಜಾರಿ ಬಿದ್ರೆ ತಾನೇ ಹೊಡೆಯುತ್ತೆ ಇದು" ಅಂದರು. ಎದ್ದು ಹೋಗಿ ಹಳೇ ಕೆಲಸದ ಚೀಲದಿಂದ ಕೆಂಪು ದಾರ ತಂದು ಹಿಡಿಗೆ ಕಟ್ಟಿದರು.

ಶನಿವಾರ ಗನ್ ಅಂಗಡಿಗೆ ಹೋದರು. "ಪರೀಕ್ಷೆಯ ಮೊಹರು ಬಿದ್ದ ಮಾಲು, ಹೊಸದರಲ್ಲಿ ಹಾಗೇ, ಬಳಸ್ತಾ ಸರಿಹೋಗುತ್ತೆ" ಅಂದನಂತೆ ಅಂಗಡಿಯವನು. ಕಂಪನಿಗೆ ಕಳಿಸಿದರೆ ಎರಡು ತಿಂಗಳು. ಇವರು, ಕಳಿಸಿ ಅನ್ನುವುದೋ ಬೇಡವೋ ಅಂತ ನನ್ನನ್ನು ಕೇಳಲು ಅದನ್ನು ಮನೆಗೆ ತಂದರು. ಯಾವತ್ತೂ ಕೇಳದ ಮನುಷ್ಯ ಅವತ್ತು ಕೇಳಿದರು.

ನಾನು ಹೇಳಿದ್ದು ಹೀಗೆ. "ಜನ್ಮವೆಲ್ಲ ವಾಪಸ್ ಕೊಟ್ಟಿದ್ದೇ ಆಯ್ತು. ಇದೊಂದನ್ನಾದ್ರೂ ಇಟ್ಕೊಳ್ರೀ. ಎರಡು ತಿಂಗಳು ಆ ಕೆಲಸ ನಿಮಗೋಸ್ಕರ ಕಾಯುತ್ತಾ?"

ಅವರು ಅದನ್ನು ಮತ್ತೆ ಎಣ್ಣೆ ಕಾಗದದಲ್ಲಿ ಸುತ್ತಿಟ್ಟರು. ಸೋಮವಾರ ಬೆಳಿಗ್ಗೆ ಸ್ನಾನಕ್ಕೆ ಹೋದಾಗ ನಾನು ಕತ್ತರಿ ತಗೊಂಡು ಆ ದಾರ ಕತ್ತರಿಸಿದೆ. ಒಡವೆ ಅಂಗಡಿಯವರು ನಗಬಾರದು ಅಂತ. ಬಂದು ನೋಡಿದರು. ನನ್ನನ್ನು ನೋಡಿದರು. ಸೊಂಟಕ್ಕೆ ಕಟ್ಟಿಕೊಂಡು ಹೋದರು.

ಎಂಟು ದಿನ ಸರಿಯಾಗಿ ಹೋಯಿತು. ಆರು ಗುಂಡು ಹಿಡಿಯುವುದಕ್ಕೆ ಐದೇ ತುಂಬುತ್ತಿದ್ದರು. ಸುತ್ತಿಗೆಯ ಕೆಳಗಿನ ತೂತು ಖಾಲಿ. ಬಿದ್ದರೂ ಭಯವಿಲ್ಲ. ಎಂಟನೇ ದಿನ ಸಂಜೆ ಅಂಗಡಿಯ ಮ್ಯಾನೇಜರ್ ಬಿಚ್ಚಿ ತೋರಿಸು ಅಂದನಂತೆ. "ಇದೇನಯ್ಯಾ ಐದು? ಆರನೇ ಕಳ್ಳ ಬಂದ್ರೆ ನಾಳೆ ಬಾ ಅಂತೀಯಾ?" ಅಂದನಂತೆ. ಎದುರಿಗೇ ನಿಂತು ಆರನೆಯದನ್ನು ತುಂಬಿಸಿದನಂತೆ. ಅಲ್ಲಿ ಕಸ ಗುಡಿಸುವ ಹೆಂಗಸು ಇದನ್ನು ನನಗೆ ಹೇಳಿದಳು, ಎಲ್ಲ ಮುಗಿದ ಮೇಲೆ.

ಮರುದಿನ ಬೆಳಿಗ್ಗೆ ಬೇಗ ಹೋಗಿ ಶಟರ್ ಎತ್ತಲು ಬಗ್ಗಿದ್ದಾರೆ. ಶಟರ್ ಮೊಣಕಾಲ ಮಟ್ಟಕ್ಕೆ ಎದ್ದಿತ್ತು. ಅಲ್ಲೇ ಬಿದ್ದಿದ್ದರು. ಗುಂಡು ಹೊಟ್ಟೆಯಿಂದ ಮೇಲಕ್ಕೆ ಹೋಗಿತ್ತು. ನೋಡಿದವರು ಯಾರೂ ಇಲ್ಲ.

ಸ್ವಂತ ರಿವಾಲ್ವರ್. ಕೆಲಸವಿಲ್ಲದೆ ಕೂತಿದ್ದವನು. ಮಾತು ಬಿಟ್ಟಿದ್ದವನು. ಪೊಲೀಸರು ತಾನೇ ಹೊಡೆದುಕೊಂಡದ್ದು ಅಂತ ಬರೆದರು.

ಮಗಳು ಮೂರು ದಿನ ಅತ್ತಳು. ಆಮೇಲೆ ನಿಲ್ಲಿಸಿದಳು. ಅಪ್ಪನ ಅಂಗಿ ನಾನು ಮೂಸಿ ನೋಡುತ್ತಿದ್ದರೆ ಎದ್ದು ಹೊರಗೆ ಹೋಗುತ್ತಿದ್ದಳು. ಒಂದು ದಿನ ಕೇಳಿಯೇಬಿಟ್ಟಳು. "ಅಮ್ಮಾ, ನಾವು ಬೇಡ ಅಂತ ಅನ್ನಿಸ್ತಾ ಅಪ್ಪನಿಗೆ?"

"ಇಲ್ಲ ಮಗಾ. ಬಗ್ಗಿದಾಗ ಸೊಂಟದಿಂದ ಜಾರಿ ಬಿದ್ದು ಹಾರಿದ್ದು."

"ಸುಮ್ನೆ ಸಮಾಧಾನ ಮಾಡ್ಬೇಡ. ಪೊಲೀಸ್ರು ಪರೀಕ್ಷೆ ಮಾಡಿದಾರಂತೆ. ಗನ್ ಸರಿಯಾಗಿದೆಯಂತೆ."

ತಟ್ಟೆ ಮುಂದೆ ಕೂರುತ್ತಾಳೆ, ಊಟ ಮಾಡುವುದಿಲ್ಲ. ರಟ್ಟೆಯ ಮೂಳೆ ಕಾಣತೊಡಗಿತು. ಇವರು ಹೋದರು, ಇವಳೂ ನನ್ನ ಕೈಯಿಂದ ಹೋಗುತ್ತಾಳೆ ಅನ್ನಿಸಿತು. ಪೊಲೀಸರು ಬರೆದ ಆ ಮಾತು ಅಳಿಯದೆ ಇವಳು ಉಳಿಯುವುದಿಲ್ಲ.

ಠಾಣೆಗೆ ಏಳು ಸಲ ಹೋದೆ. ಇನ್ಸ್‌ಪೆಕ್ಟರ್ ಇಲ್ಲ, ನಾಳೆ ಬನ್ನಿ, ಫೈಲು ಮೇಲೆ ಹೋಗಿದೆ, ಕೆಳಗೆ ಬಂದಿಲ್ಲ. ಎಂಟನೇ ಸಲ ಬಾಗಿಲಿಗೆ ಅಡ್ಡ ಕೂತುಬಿಟ್ಟೆ. ದಾಟಿಕೊಂಡು ಹೋಗುವವರು ದಾಟಲಿ ಅಂತ. ಒಬ್ಬ ಕಾನ್‌ಸ್ಟೇಬಲ್, "ಏಳಮ್ಮಾ ತಾಯೀ, ನಮ್ಮ ಕೆಲಸಕ್ಕೆ ಸಂಚಕಾರ ತರಬೇಡ" ಅಂತ ಕೈ ಮುಗಿದ. ಕೊನೆಗೆ ಬಂದೂಕು ಪರೀಕ್ಷೆ ಮಾಡುವವರು ಬರುವ ದಿನ ಹೇಳಿದರು. ಮಗಳನ್ನು ಕರೆದುಕೊಂಡು ಹೋದೆ. ಅದೇ ಪೆನ್ಸಿಲ್ ಸೆರಗಿನಲ್ಲಿ ಕಟ್ಟಿಕೊಂಡಿದ್ದೆ.

ಪರೀಕ್ಷಕರು ಕನ್ನಡಕದ ಮುದುಕರು. "ಎರಡು ಸಲ ಹೊಡೆದು ನೋಡಿದೀನಿ ಕಣಮ್ಮ. ಟ್ರಿಗರ್ ಒತ್ತಿದ್ರೆ ಹೊಡೆಯುತ್ತೆ. ಏನೂ ದೋಷ ಇಲ್ಲ."

"ಒತ್ತಿದ್ರೆ ಹೊಡೆಯುತ್ತೆ ಅನ್ನೋದು ಅರ್ಧ ಸ್ವಾಮಿ" ಅಂದೆ. "ಒತ್ತದಿದ್ರೆ ಸುಮ್ಮನಿರುತ್ತಾ ಅಂತ ನೋಡಿದ್ರಾ?"

ಅವರು ಇನ್ಸ್‌ಪೆಕ್ಟರ್ ಮುಖ ನೋಡಿದರು. ನಾನು ಪೆನ್ಸಿಲ್ ಮೇಜಿನ ಮೇಲಿಟ್ಟೆ, ಹೇಗೆ ಅಂತ ಹೇಳಿದೆ. ಇನ್ಸ್‌ಪೆಕ್ಟರ್ ನಕ್ಕರು. "ಅಡುಗೆಮನೆ ಪರೀಕ್ಷೆ ಇದು" ಅಂದರು. ಮುದುಕರು ನಗಲಿಲ್ಲ. ಖಾಲಿ ಇದೆ ಅಂತ ನೋಡಿ ಪೆನ್ಸಿಲ್ ಇಳಿಸಿದರು. ಮರದ ಸುತ್ತಿಗೆ ತಗೊಂಡು ಕುಟ್ಟಿದರು.

ಒಂದು. ಎರಡು. ಮೂರು. ಏನೂ ಇಲ್ಲ. ಮಗಳು ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ನಾಲ್ಕು. ಐದು. ಆರು.

"ಸಾಕು ಬಿಡಿ ಸಾರ್" ಅಂದರು ಇನ್ಸ್‌ಪೆಕ್ಟರ್.

"ಹತ್ತಾಗಲಿ" ಅಂದೆ. "ನಿಮ್ಮ ಕಾಲಿಗೆ ಬೀಳ್ತೀನಿ. ಹತ್ತಾಗಲಿ."

ಏಳು. ಎಂಟನೆಯದಕ್ಕೆ ಪೆನ್ಸಿಲ್ ಹಾರಿ ಕಬ್ಬಿಣದ ಬೀರುವಿಗೆ ಬಡಿಯಿತು. ಮಗಳು ತಲೆ ಎತ್ತಿದಳು.

ಮುದುಕರು ಇನ್ನೂ ಇಪ್ಪತ್ತು ಸಲ ಕುಟ್ಟಿದರು. ಐದು ಸಲ ಹಾರಿತು. ಕನ್ನಡಕ ತೆಗೆದು ಒರೆಸಿಕೊಂಡು, "ಬಿದ್ದು ಹಾರಿದೆ ಅಂತ ನಾನು ಬರೆದುಕೊಡ್ತೀನಿ" ಅಂದರು.

ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. "ಒಂದು ಕೇಳ್ಬೇಕು. ಈ ಪರೀಕ್ಷೆ ನಿಮಗೆ ಹೇಗೆ ಗೊತ್ತು? ಅವರಿಗೆ ದೋಷ ಇದೆ ಅಂತ ಗೊತ್ತಿತ್ತಾ? ಗೊತ್ತಿದ್ದೂ ಯಾಕೆ ಕಟ್ಕೊಂಡು ಹೋದ್ರು?"

ಗೊತ್ತಿರಲಿಲ್ಲ ಅನ್ನಬಹುದಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು. ಯಾಕೆ ಕಟ್ಟಿಕೊಂಡು ಹೋದರು ಅನ್ನುವುದು ಅವಳಿಗೂ ಬೇಕಿತ್ತು. ಪೆನ್ಸಿಲ್ ಹಾರಿದ್ದನ್ನು ಅವತ್ತು ಅವಳೂ ನೋಡಿದ್ದಳು. ದಾರವನ್ನೂ ನೋಡಿದ್ದಳು. ಅದನ್ನು ಬಿಚ್ಚಿದ್ದು ಯಾರು ಅಂತ ಮಾತ್ರ ಗೊತ್ತಿರಲಿಲ್ಲ. ಅಪ್ಪನೇ ಬಿಚ್ಚಿಕೊಂಡು ಹೋದರು ಅಂದುಕೊಂಡಿದ್ದಳು, ಸಾಯಬೇಕು ಅಂತಲೇ.

"ಗೊತ್ತಿತ್ತು. ಕೆಂಪು ದಾರ ಕಟ್ಟಿಟ್ಟಿದ್ರು. ವಾಪಸ್ ಕೊಡಬೇಡಿ ಅಂದವಳು ನಾನು. ದಾರ ಕತ್ತರಿಸಿದವಳೂ ನಾನೇ. ಬರ್ಕೊಳ್ಳಿ."

ಬರೆದುಕೊಂಡರು. ಓದಿ ಹೇಳಿದರು. ನಾನು ರುಜು ಹಾಕಿದೆ.

ಬಸ್ಸಿನಲ್ಲಿ ಮಗಳು ಬೇರೆ ಸೀಟಿನಲ್ಲಿ ಕೂತಳು. ಮನೆಗೆ ಬಂದು ಅಪ್ಪನ ಕೆಲಸದ ಚೀಲ ತಗೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪಾ ಅಪ್ಪಾ ಅಂತ ಅತ್ತಳು. ಅಷ್ಟು ವಾರಗಳ ಮೇಲೆ ಆ ಮಾತು ಅವಳ ಬಾಯಲ್ಲಿ ಬಂತು. ಸಂಜೆ ಎದ್ದು ಬಂದು ತಾನೇ ಬಡಿಸಿಕೊಂಡು ಹಸಿದವಳ ಹಾಗೆ ಉಂಡಳು. ನನಗೆ ಬಡಿಸಲಿಲ್ಲ.

ಈಗ ಎರಡು ತಿಂಗಳಾಯಿತು. ಊಟ ಮಾಡುತ್ತಾಳೆ, ಶಾಲೆಗೆ ಹೋಗುತ್ತಾಳೆ. ಅಪ್ಪನ ಮಾತು ಬಂದರೆ ಕೊಡೆಯ ಕಥೆ ಹೇಳಿ ನಗುತ್ತಾಳೆ, ಪಕ್ಕದ ಮನೆಯವರ ಹತ್ತಿರ. ನನ್ನ ಹತ್ತಿರ ಬೇಕಾದಷ್ಟೇ ಮಾತು. ಕತ್ತರಿ ಎಲ್ಲಿದೆ ಅಂತ ಒಂದು ಸಲವೂ ಕೇಳಿಲ್ಲ. ಏನಾದರೂ ಕತ್ತರಿಸಬೇಕಾದರೆ ಹಲ್ಲಿನಿಂದ ಕಚ್ಚಿ ಹರಿಯುತ್ತಾಳೆ.