ಕುರ್ಚಿ ಕಲ್ಯಾಣಪ್ಪ ಕುಂತು ಕೇಳಿದ ಹಾಡು

ಆಡು ಮುಟ್ಟದ ಸೊಪ್ಪಿಲ್ಲ, ವಾಗದರಿಯ ಕಲ್ಯಾಣಪ್ಪ ಹೋಗದ ಗಾಯನವಿಲ್ಲ. ಅಕ್ಕಲಕೋಟದ ಭಜನೆಯಿರಲಿ, ಸೋಲಾಪುರದ ಶಾಸ್ತ್ರೀಯ ಸಂಗೀತವಿರಲಿ, ಗಣಪತಿ ಮುಂದಿನ ಆರ್ಕೆಸ್ಟ್ರಾ ಇರಲಿ, ಹಾಡುವವರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕೊನೆಗೆ ಮನೆ ಸೇರುವವನು ಇವನೊಬ್ಬನೇ. ಇಷ್ಟು ಕೇಳಿದ್ದೇ ಆಹಾ ಎಂಥ ರಸಿಕ ಎಂದು ತಲೆದೂಗಬೇಡಿ. ಕಲ್ಯಾಣಪ್ಪ ಬಾಡಿಗೆಗೆ ಕುರ್ಚಿ ಕೊಡುವವನು. ಹಾಡು ಎಲ್ಲಿಯೋ ಅವನ ಕುರ್ಚಿ ಅಲ್ಲಿ, ಕುರ್ಚಿ ಎಲ್ಲಿಯೋ ಅವನು ಅಲ್ಲಿ.

ಊರ ಚಹಾದಂಗಡಿಯಲ್ಲಿ ಹೊತ್ತು ಹೋಗದ ಹುಡುಗರಿಗೆ ಅವನನ್ನು ಕೆಣಕುವುದೇ ಒಂದು ಆಟ. ಅವರಲ್ಲಿ ಶುಭಂ ಮುಂದಾಳು. ಅವನು ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡ ಓದಲು ಬಾರದು, ಕನ್ನಡದಲ್ಲಿ ಕೆಣಕಲು ಮಾತ್ರ ಚೆನ್ನಾಗಿ ಬರುತ್ತದೆ.

“ಕಾಕಾ, ಇಷ್ಟ ಕಾರ್ಯಕ್ರಮ ನೋಡೀರಿ. ಎಲ್ಲಾಕಿಂತ ಲೈ ಭಾರಿ ಯಾವ್ದರಿ?”

ಕಲ್ಯಾಣಪ್ಪ ಬಸಿಗೆ ಸುರಿದುಕೊಂಡಿದ್ದ ಚಹಾ ಕುಡಿದು ಮುಗಿಸಿ, ಮೀಸೆ ಒರೆಸಿಕೊಂಡು, ಪ್ರತಿಸಲ ಹೇಳಿದ್ದನ್ನೇ ಹೊಸದೆಂಬಂತೆ ಹೇಳುತ್ತಾನೆ.

“ಸೋಲಾಪುರದಾಗ ಒಬ್ಬರು ದೊಡ್ಡ ಪಂಡಿತರು ಹಾಡಿದ್ರು ನೋಡು. ಒಂದ ಅಕ್ಷರ ಹಿಡದು ಅರ್ಧಾ ತಾಸು ಆ ಅಂದ್ರು. ಅರ್ಧಾ ಮಂದಿ ಎದ್ದು ಚಪ್ಪಲಿ ಹುಡಕಿದ್ರು, ಉಳದವ್ರು ಕುಂತಲ್ಲೇ ನಿದ್ದಿ ಹೋದ್ರು. ನಿದ್ದಿ ಮಾಡಾಂವ ಎಂದೂ ಕುರ್ಚಿ ಮುರಿಯೂದಿಲ್ಲೋ ತಮ್ಮಾ. ಒಂದಕ್ಕೂ ಗೀರು ಬಿದ್ದಿದ್ದಿಲ್ಲ. ಅಂಥಾ ಸಂಗೀತ ನಾ ಮತ್ತ ಕೇಳೇ ಇಲ್ಲ.”

“ಮತ್ತ ಎಲ್ಲಾಕಿಂತ ಕೆಟ್ಟದ್ದು?”

ಇಲ್ಲಿ ಅವನ ಮುಖ ಹುಳಿ ಮಜ್ಜಿಗೆ ಕುಡಿದಂತಾಗುತ್ತದೆ. “ಚಿಂಚೋಳಿ ಎಂಐಡಿಸಿಯಾಗ ಒಂದ ಕಾರ್ಖಾನಿ ಮಂದಿ ಆರ್ಕೆಸ್ಟ್ರಾ ಇಟ್ಟಿದ್ರು. ಆ ಹುಡಿಗಿ ಏನ ಹಾಡತಿದ್ಳೋ ಏನೋ, ರಿಟಾಯರ್ ಆಗೂ ಮುದುಕ್ರು ಸುದ್ದಾ ಕುರ್ಚಿ ಮ್ಯಾಲ ಹತ್ತಿ ಕುಣದ್ರು. ಆಕಿ ಹಾಡಿಗೆ ಬೆಂಕಿ ಹಚ್ಚಲಿ. ಕಾಲಿಲ್ಲದ ಕುರ್ಚಿ ಟೆಂಪೋದಾಗ ಒಟ್ಟಿಕೊಂಡು ಬಂದೆ. ದವಾಖಾನಿಯಿಂದ ಬಂದಂಗಿತ್ತು.”

ಕೋಣನ ಮುಂದೆ ಕಿನ್ನರಿ ಅನ್ನುತ್ತಾರಲ್ಲ. ಕೋಣವಾದರೂ ವಾಸಿ, ಕಿನ್ನರಿಯವನನ್ನು ಬೈಯುವುದಿಲ್ಲ.

ಆದರೆ ಅವನ ಕಡೆಯಿಂದಲೂ ಒಂದು ಮಾತು ಹೇಳಬೇಕು. ಅವನ ಅಪ್ಪ, ಅಜ್ಜ ಎಲ್ಲ ಕುರಿ ಕಾಯ್ದವರು. ತೋಳ ಯಾವ ಕಡೆಯಿಂದ ಬರುತ್ತದೋ ಎಂದು ಹಿಂಡಿನ ಹಿಂದೆ ಕೋಲೂರಿ ನಿಲ್ಲುವುದು ಆ ಮನೆಯ ರಕ್ತದಲ್ಲೇ ಇತ್ತು. ಕಲ್ಯಾಣಪ್ಪ ಕುರಿ ಮಾರಿ ಕುರ್ಚಿ ತಂದ. ಬುದ್ಧಿ ಮಾತ್ರ ಅದೇ ಉಳಿಯಿತು. ಅಪ್ಪ ಕುರಿಯ ಬೆನ್ನಿಗೆ ಕೆಂಪು ಬಣ್ಣ ಬಳಿಯುತ್ತಿದ್ದ, ಮಗ ಕುರ್ಚಿಯ ಬೆನ್ನಿಗೆ ಬಳಿದ. ಮಂದಿಯೇನು ಸಾಮಾನ್ಯರೇ? ಒಮ್ಮೆ ತಂಗಿಯ ಮಗಳಿಗೆ ಗಂಡು ನೋಡಲು ಮಂಗಳವೇಢೆಯ ಕಡೆ ಹೋಗಿದ್ದ. ಬೀಗರಾಗುವವರು ಕೈಕಾಲಿಗೆ ನೀರು ಕೊಟ್ಟು, ಕುಂದರ್ರಿ ಎಂದು ಕುರ್ಚಿ ಹಾಕಿದರು. ಕೂತೊಡನೆ ಬೆನ್ನಿಗೆ ಗುರುತು ಸಿಕ್ಕಿತು. ಎದ್ದು ತಿರುಗಿಸಿ ನೋಡಿದರೆ ಕೆಂಪು ಬಣ್ಣ, ಕೆಳಗೆ ತನ್ನದೇ ಹೆಸರು. ಗಂಡಿನ ಅಪ್ಪ ಒಂದು ಗಳಿಗೆ ಛಾವಣಿ ನೋಡಿದ. ಸಂಬಂಧ ಕುದುರಿತು, ಕುರ್ಚಿಯೂ ಅದೇ ದಿನ ಮನೆಗೆ ಬಂತು. ಅಂದಿನಿಂದ ಕಲ್ಯಾಣಪ್ಪ ಯಾವ ಕಾರ್ಯಕ್ರಮದಲ್ಲೂ ಕೂತಿದ್ದಿಲ್ಲ. ಪೆಂಡಾಲಿನ ಹಿಂದೆ ನಿಂತು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ತನ್ನ ಹಿಂಡನ್ನು ಕಾಯುತ್ತಿದ್ದ.

ಇದೆಲ್ಲ ಇರಲಿ ಬಿಡಿ. ತಮಾಷೆ ಇರುವುದು ಮುಂದೆ. ಇಂಥ ಮನುಷ್ಯನ ಹೆಂಡತಿ ಹಣಮವ್ವ ಸುತ್ತ ಹತ್ತೂರಿಗೆ ಹೆಸರಾದ ಹಾಡುಗಾತಿ. ಕುರುಬರ ದೇವರು ಬೀರೋಬನ, ಅಮೋಗಸಿದ್ಧನ ಡೊಳ್ಳಿನ ಪದ ಹಾಡುವ ಹೆಂಗಸರ ಮೇಳಕ್ಕೆ ಆಕೆಯೇ ಮುಂದಿನವಳು. ಡೊಳ್ಳಿನ ಪದದಲ್ಲಿ ಎರಡು ಮೇಳ ಎದುರಾಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು ಅನ್ನಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಅನ್ನಬೇಕು. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು. ಹಣಮವ್ವ ನಾಗೇಶಿ ಹಾಡಲು ನಿಂತಳೆಂದರೆ ಎದುರಿನವರು ನೀರು ಕೇಳುತ್ತಿದ್ದರು.

ಆಕೆ ಮನೆಗೆ ಬಂದು, ಡೊಳ್ಳು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಪ್ರತಿಸಲ ಕೇಳುವಳು: “ಹೆಂಗಾತ್ರಿ ನನ್ನ ಪದಾ?”

ಆತ ಪ್ರತಿಸಲ ಹೇಳುವನು: “ಚಲೋ ಆತು. ಎರಡ ಕುರ್ಚಿ ಹೋದ್ವು, ಅಷ್ಟ.”

ಹಿತ್ತಲ ಗಿಡ ಮದ್ದಲ್ಲ ನಿಜ. ಆದರೆ ಹಿತ್ತಲಿಗೆ ಒಮ್ಮೆಯಾದರೂ ಇಣುಕಿ ನೋಡಬೇಕಲ್ಲವೇ?

ಈ ವರ್ಷ ಅಕ್ಕಲಕೋಟದ ಒಂದು ತರುಣ ಮಂಡಳದವರು ದೊಡ್ಡ ಹಾಡಿಕೆ ಇಟ್ಟರು. ಹಣಮವ್ವನ ಎದುರು ಮರವಡೆಯ ಶಾಂತಪ್ಪನ ಮೇಳ. ಕುರ್ಚಿ ಯಾರವೆಂದು ಬೇರೆ ಹೇಳಬೇಕಿಲ್ಲ. ಅವೂ ಆಗಷ್ಟೇ ತಂದ ಹೊಸ ಕುರ್ಚಿಗಳು, ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಲ್ಯಾಣಪ್ಪ ತೆಗೆಯಗೊಟ್ಟಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಹಣಮವ್ವ ತಲೆ ಎತ್ತದೆ ಹೇಳಿದಳು.

“ಈ ಸಲ ನೀವು ಮುಂದಿನ ಸಾಲಿನ್ಯಾಗ ಕುಂದರಬೇಕು. ನನ್ನ ಪದಾ ಮುಗಿಯೂತನಕ ಏಳಬಾರ್ದು.”

“ಕುರ್ಚಿ ಯಾರ ನೋಡ್ತಾರ?”

“ಕುರ್ಚಿಗೇನ ಕಾಲ ಬಂದಾವ, ಓಡಿ ಹೋಗಾಕ?”

“ನಾಕ ನಾಕ ಅದಾವ” ಎಂದ ಕಲ್ಯಾಣಪ್ಪ.

ಹಣಮವ್ವ ನಗಲಿಲ್ಲ. “ಊರೆಲ್ಲಾ ಕೇಳಿ ಏನ ಮಾಡೂದೈತಿ, ಮನಿಯಾಂವ ಕೇಳದಿದ್ರ? ನೀವು ಕುಂದರಲಿಲ್ಲಾಂದ್ರ ಇದ ನನ್ನ ಕಡೀ ಪದಾ. ಡೊಳ್ಳ ಅಟ್ಟಕ್ಕ ಏರಸ್ತೀನಿ.”

ಹೆಂಗಸರ ಮಾತು, ಎರಡು ದಿನಕ್ಕೆ ಮರೆಯುತ್ತಾಳೆ ಎಂದುಕೊಂಡ. ಆಕೆ ಮರೆಯಲಿಲ್ಲ. ಬದಲಿಗೆ ಮನೆಯಲ್ಲಿ ಗುನುಗುವುದನ್ನೇ ಬಿಟ್ಟಳು. ಕಸ ಹೊಡೆಯುವಾಗ, ಹಿಟ್ಟು ನಾದುವಾಗ, ಹಾಸಿಗೆ ಹಾಸುವಾಗ ಆಕೆ ಏನನ್ನಾದರೂ ಗುನುಗುತ್ತಿದ್ದಳೆಂಬುದು ಕಲ್ಯಾಣಪ್ಪನಿಗೆ ಗೊತ್ತಾದದ್ದೇ ಅದು ನಿಂತ ಮೇಲೆ. ಮನೆ ಬಿಕೋ ಅನ್ನತೊಡಗಿತು. ರೊಟ್ಟಿ ಬಡಿಯುವ ಸಪ್ಪಳ ಎದೆಗೇ ಬಡಿದಂತಾಗುತ್ತಿತ್ತು. ಊಟ ರುಚಿಸಲಿಲ್ಲ. ಈಕೆ ನಿಜವಾಗಿಯೂ ಬಿಟ್ಟರೆ ಗತಿಯೇನು ಎಂದು ಅವನಿಗೆ ಮೊದಲ ಸಲ ಹೆದರಿಕೆ ಹುಟ್ಟಿತು.

“ಆತವಾ, ಕುಂದರತೀನಿ. ಅಮೋಗಸಿದ್ಧನ ಆಣಿ” ಎಂದ.

ಆಣೆ ಮಾಡಿದವನು ಸುಮ್ಮನೆ ಇರಬೇಕಿತ್ತು. ಟೆಂಪೋ ಓಡಿಸುವ ಮರೆಪ್ಪನನ್ನು ಗುಟ್ಟಾಗಿ ಕರೆದು, ತನ್ನ ಜಾಗದಲ್ಲಿ ಹಿಂದೆ ನಿಲ್ಲಲು ಹೇಳಿ, “ಯಾವನರೇ ಕುರ್ಚಿ ಮ್ಯಾಲ ಹತ್ತಿದ್ರ ಟಾವೆಲ್ ಬೀಸು” ಎಂದು ಕಲಿಸಿಟ್ಟ. ದೇವರಿಗೂ ಆಣೆ, ಕುರ್ಚಿಗೂ ಕಾವಲು.

ಹಾಡಿಕೆಯ ದಿನ ಮಧ್ಯಾಹ್ನವೇ ಪೆಂಡಾಲು ತುಂಬಿತು. ಕಲ್ಯಾಣಪ್ಪ ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ, ತನ್ನದೇ ಕುರ್ಚಿಯ ತುದಿಯಲ್ಲಿ, ಬಸ್ಸು ಕಾಯುವವನ ಹಾಗೆ ಕೂತ. ಪಕ್ಕದಲ್ಲಿ ಹಾಡಿಕೆ ಎಂದರೆ ಪ್ರಾಣ ಬಿಡುವ ಮುದುಕಿ ತುಳಜಾಬಾಯಿ. ಮೊದಲು ಶಾಂತಪ್ಪನ ಮೇಳ ಎದ್ದಿತು. ಅವನ ಗಂಟಲಿಗೆ ಮೈಕೇ ಬೇಡ. ಡೊಳ್ಳಿನ ಪೆಟ್ಟಿಗೆ ಜನ ಸಿಳ್ಳೆ ಹೊಡೆದು ಎದ್ದು ನಿಂತರು. ಕಲ್ಯಾಣಪ್ಪ ಹಾಡುವವರಿಗೆ ಬೆನ್ನು ಮಾಡಿ ಹಿಂದೆ ನೋಡಿದ. ಮರೆಪ್ಪನ ಟಾವೆಲ್ಲು ಬೀಸುತ್ತಿತ್ತು. ಬೀಸುತ್ತಲೇ ಇತ್ತು.

ಒಂದೇ ಸುತ್ತು ಹೋಗಿ ಬಂದುಬಿಡುತ್ತೇನೆ, ಆಕೆಯ ಪದ ಇನ್ನೂ ಶುರುವಾಗಿಲ್ಲವಲ್ಲ, ಎಂದು ಮನಸ್ಸಿಗೆ ಸಮಾಧಾನ ಹೇಳಿ ಮೆಲ್ಲಗೆ ಎದ್ದ. ಹಿಂದೆ ಹೋದರೆ ಮರೆಪ್ಪ ಟಾವೆಲ್ ಬೀಸುತ್ತಿದ್ದದ್ದು ಕುರ್ಚಿಗಲ್ಲ, ಹಾಡಿಗೆ. ಅವನೇ ಒಂದು ಕುರ್ಚಿಯ ಮೇಲೆ ಹತ್ತಿ ಕುಣಿಯುತ್ತಿದ್ದ. ಕಾವಲಿಗೆ ಇಟ್ಟ ನಾಯಿಯೇ ಹಿಂಡಿಗೆ ಬಾಯಿ ಹಾಕಿದರೆ ಯಾರಿಗೆ ಹೇಳುವುದು? ಕಲ್ಯಾಣಪ್ಪ ಅವನನ್ನು ಕೆಳಗಿಳಿಸಿ, ಇನ್ನೊಬ್ಬನನ್ನು ಬೈದು, ಮತ್ತೊಬ್ಬನ ಕೆಳಗಿಂದ ಕುರ್ಚಿ ಎಳೆಯುವಷ್ಟರಲ್ಲಿ ಹಣಮವ್ವ ಎದ್ದು ನಿಂತಿದ್ದಳು. ಮುಂದಿನ ಸಾಲಿನಲ್ಲಿ ಗಂಡನ ಕುರ್ಚಿ ಖಾಲಿ ಇದ್ದದ್ದು ಆಕೆಗೆ ಕಂಡಿತು.

ಆಕೆ ದೇವರ ಸ್ತುತಿ ಮುಗಿಸಿದವಳೇ, ಮೇಳದವರಿಗೂ ಹೇಳಿಕೊಡದ ಹೊಸ ಸವಾಲು ಎತ್ತಿದಳು.

“ಊರ ಮಂದೀನೆಲ್ಲ ಕುಂದರಸ್ಯಾನ
ತಾ ಒಂದಿನ ಕುಂತ ಕೇಳಿಲ್ಲ
ಹಾಡ ನಡದಲ್ಲೆಲ್ಲಾ ಇದ್ದಾನ
ಒಂದ ಹಾಡೂ ಅಂವಗ ತಿಳದಿಲ್ಲ
ಯಾರಂವ ಹೇಳೋ, ಹರದೇಶಿ ಅಣ್ಣಾ”

ಶಾಂತಪ್ಪ ಹಳೆಯ ಹುಲಿ. ಪುರಾಣವೆಲ್ಲ ಬಾಯಲ್ಲಿತ್ತು. ತುಸು ಹೊತ್ತು ಮೀಸೆ ತಿರುವಿ, ಎಲ್ಲರಿಗೂ ಜಾಗ ಕೊಟ್ಟು ತಾನು ಕೂರದವಳು ಭೂಮಿತಾಯಿ ಎಂದು ಹಾಡಿದ. ಜನ ಚಪ್ಪಾಳೆ ಹೊಡೆದರು. ಹಣಮವ್ವ ಡೊಳ್ಳಿಗೆ ಒಂದೇ ಪೆಟ್ಟು ಹಾಕಿ, “ಭೂಮಿ ಹೆಣ್ಣೋ ಅಣ್ಣಾ, ನಾ ಕೇಳಿದ್ದು ಗಂಡು. ಹೆಣ್ಣಾಗಿದ್ರ ಕೇಳತಿದ್ಳು” ಎಂದಳು. ಪೆಂಡಾಲೆಲ್ಲ ಹೋ ಎಂದಿತು. ಶಾಂತಪ್ಪ ಇನ್ನೆರಡು ಹೆಸರು ಹೇಳಿದ, ಎರಡೂ ಬಿದ್ದವು. ಹಿಂದೆ ಕಲ್ಯಾಣಪ್ಪ ಒಂದು ಕುರ್ಚಿಯನ್ನು ಕಂಕುಳಲ್ಲಿ ಅವುಚಿಕೊಂಡು, ಈ ಗದ್ದಲ ಯಾಕೆಂದು ತಿಳಿಯದೆ ನಿಂತಿದ್ದ.

ಆಗ ತುಳಜಾಬಾಯಿ ಎದ್ದು, ಹಿಂದೆ ತಿರುಗಿ, ಕೋಲು ಚಾಚಿದಳು. “ಏ ಹಾಟ್ಯಾ ಶಾಂತಪ್ಪ, ಪುರಾಣದಾಗ ಯಾಕ ಹುಡಕಾಕತ್ತೀ? ಅಲ್ಲಿ ನಿಂತಾನ ನೋಡು, ಕುರ್ಚಿ ಬಗಲಾಗ ಹಿಡಕೊಂಡು.”

ಸಾವಿರ ತಲೆ ಒಟ್ಟಿಗೆ ತಿರುಗಿದವು. ನಗೆ ಎದ್ದಿತು ನೋಡಿ, ಪೆಂಡಾಲಿನ ಬಟ್ಟೆ ಅಲುಗಿತು. ಕಲ್ಯಾಣಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ನಗದೆ ಇದ್ದವಳು ಒಬ್ಬಳೇ, ಮೇಲೆ ಡೊಳ್ಳು ಹಿಡಿದು ನಿಂತವಳು. ಆ ಮುಖ ನೋಡಿ ಅವನಿಗೆ ನಾಚಿಕೆಗಿಂತ ಹೆದರಿಕೆ ಹೆಚ್ಚಾಯಿತು. ಕಂಕುಳಲ್ಲಿದ್ದ ಕುರ್ಚಿಯನ್ನು ಅಲ್ಲೇ ಬಿಟ್ಟು ಮುಂದೆ ನಡೆದ.

ಮುಂದೆ ಹೋದರೆ ಅವನ ಕುರ್ಚಿಯಲ್ಲಿ ಮಂಡಳದ ಅಧ್ಯಕ್ಷ ಬಸಯ್ಯ ಕೂತು ವೀಳ್ಯ ಹಾಕುತ್ತಿದ್ದ. ಅಷ್ಟೂ ಕುರ್ಚಿಗಳ ಧಣಿಗೆ ಕೂರಲು ಒಂದು ಕುರ್ಚಿ ಇರಲಿಲ್ಲ. ಕಲ್ಯಾಣಪ್ಪ ಇಸ್ತ್ರಿ ಅಂಗಿಯಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಹಣಮವ್ವ ಮುಂದಿನ ಪದ ಎತ್ತಿದಳು. ಅಡವಿಯಲ್ಲಿ ಕುರಿ ಕಾಯುವ ಗಂಡನಿಗೆ ಬುತ್ತಿ ಹೊತ್ತು ಹೋದವಳ ಕತೆ ಅದು. ಆಕೆ ದಿಬ್ಬದ ಮೇಲೆ ನಿಂತು ಕೂಗುತ್ತಾಳೆ, ಅವನು ಹಿಂಡಿನ ಮೇಲೆ ಕಣ್ಣಿಟ್ಟು ಕೇಳಿಸಿಕೊಳ್ಳುವುದಿಲ್ಲ. ಬುತ್ತಿ ಆರುತ್ತದೆ, ಆಕೆ ಮತ್ತೆ ಕೂಗುತ್ತಾಳೆ. ಕಲ್ಯಾಣಪ್ಪ ಇಷ್ಟು ವರ್ಷ ಈ ದನಿಯನ್ನು ಲೌಡ್‌ಸ್ಪೀಕರಿನ ಬೆನ್ನ ಹಿಂದಿನಿಂದ ಕೇಳಿದ್ದ. ಅಲ್ಲಿ ಎಲ್ಲ ಹಾಡೂ ಒಂದೇ ಗದ್ದಲ. ಎದುರಿಗೆ ಕೂತರೆ ಅದರಲ್ಲಿ ಮಾತಿತ್ತು, ಸಿಟ್ಟಿತ್ತು, ಅವನ ಅವ್ವ ಹೊಲದ ಬದುವಿನಲ್ಲಿ ನಿಂತು ಅಪ್ಪನನ್ನು ಕೂಗುತ್ತಿದ್ದ ಅದೇ ಎಳೆತವಿತ್ತು. ಎಂಥಾ ಹಾಡನ್ನು ಮನೆಯಲ್ಲಿಟ್ಟುಕೊಂಡು ಕುರ್ಚಿ ಕಾಲು ಎಣಿಸುತ್ತ ಬಂದೆನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು, ಕಣ್ಣೀರೂ ಬಂತು.

ಹಿಂದೆ ಟಪ್ ಎಂದಿತು. ಆ ಸದ್ದನ್ನು ಅವನು ನಿದ್ದೆಯಲ್ಲೂ ಗುರುತಿಸುತ್ತಿದ್ದ, ಹೊಸ ಕುರ್ಚಿಯ ಕಾಲು ಹೋದ ಸದ್ದು. ಕುತ್ತಿಗೆ ತಾನೇ ಅರ್ಧ ಹೊರಳಿತು. ಹಣಮವ್ವನ ಕಣ್ಣು ಅವನ ಮೇಲೆಯೇ ಇತ್ತು. ಕಲ್ಯಾಣಪ್ಪ ಕುತ್ತಿಗೆಯನ್ನು ತಿರುಗಿ ತಂದ. ಮತ್ತೊಂದು ಟಪ್ ಎಂದಾಗ ಕಣ್ಣು ಮುಚ್ಚಿದ. ಆಮೇಲೆ ಎಷ್ಟು ಸಲ ಸದ್ದಾಯಿತೋ, ಅವನ ಕಿವಿಗೆ ಬೀಳಲಿಲ್ಲ.

ಸಂಜೆ ಮನೆಗೆ ಬರುವಾಗ ಟೆಂಪೋದಲ್ಲಿ ಮರೆಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಗಾಡಿ ಓಡಿಸಿದ. ಹಣಮವ್ವ ಡೊಳ್ಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ದೂರದವರೆಗೆ ಹೊರಗೆ ನೋಡುತ್ತಿದ್ದಳು. ವಾಗದರಿಯ ದೀಪ ಕಾಣಿಸಿದ ಮೇಲೆ ಕೇಳಿದಳು.

“ಹೆಂಗಾತ್ರಿ ನನ್ನ ಪದಾ?”

ಹೊಗಳುವ ಮಾತು ಕಲ್ಯಾಣಪ್ಪನಿಗೆ ಅಭ್ಯಾಸವಿರಲಿಲ್ಲ. ಕೊನೆಗೆ, ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಹೇಳಿದ.

“ಎಷ್ಟ ಕುರ್ಚಿ ಮುರದಾವ ನನಗ ಗೊತ್ತಿಲ್ಲ.”

ಹಣಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಹದಿನೇಳು” ಎಂದಳು. “ಒಂದ ಮರೆಪ್ಪಂದು. ಮ್ಯಾಲ ನಿಂತವ್ರಿಗೆ ಎಲ್ಲಾ ಕಾಣತಾವ್ರಿ. ಇಷ್ಟ ವರ್ಷ ನಿಮ್ಮ ಕೂಡ ನಾನೂ ಎಣಿಸ್ಕೋತನ ಹಾಡೀನಿ.”

ಎಂದವಳು ಕಿಟಕಿಯ ಕಡೆ ತಿರುಗಿ, ಮೆಲ್ಲಗೆ ಏನನ್ನೋ ಗುನುಗತೊಡಗಿದಳು.