ಕಂಬಳಿಯೊಳಗಿನ ತೋಳ

ಸಂಜೆ ಐದೂ ಹತ್ತಕ್ಕೆ ಎಲ್ಲ ಕೆಟ್ಟಿತು. ನಾನು ಚಿಕ್ಕವನಿದ್ದಾಗ ನಮ್ಮನೆಯಲ್ಲಿ ಇದ್ದದ್ದು ಒಂದೇ ಗಡಿಯಾರ, ಅಕ್ಕನ ಕೈಯಲ್ಲಿ. ನಾಯಿಯ ಹಲ್ಲು ತಾಗಿ ಅದು ಆ ಹೊತ್ತಿಗೇ ನಿಂತುಹೋಯಿತು.

ಹಿರಿಯೂರಿನಿಂದ ಆದಿವಾಲ ದಾಟಿ ಹೋದರೆ ನಮ್ಮೂರು. ಅಪ್ಪ ಕುರಿ ಕಾಯುತ್ತಿದ್ದರು. ಶೇಂಗಾ ಕೀಳುವ ಕಾಲಕ್ಕೆ ಹೆಂಗಸರೆಲ್ಲ ಹೊಲಕ್ಕೆ ಹೋದರೆ ಅವರ ಪುಟ್ಟ ಮಕ್ಕಳೆಲ್ಲ ಅಕ್ಕನ ಪಾಲಿಗೆ. ಅವರನ್ನು ಒಂದೆಡೆ ಕೂರಿಸಲು ಅಕ್ಕ ನಾಟಕ ಶುರು ಮಾಡಿದಳು. ಮೊದಲ ದಿನ ರಾಜ, ರಾಣಿ, ಉದ್ದುದ್ದ ಮಾತು. ಅರ್ಧಕ್ಕೇ ಒಬ್ಬ ಕೋಳಿಯ ಹಿಂದೆ ಹೋದ. ಇನ್ನೊಬ್ಬಳು ಕೂತಲ್ಲೇ ಮಣ್ಣು ತಿನ್ನುತ್ತಿದ್ದಳು.

“ಇವು ಯಾವುದನ್ನ ಕಣ್ಣು ಕೀಳ್ದಂಗೆ ನೋಡ್ತಾವೆ, ಹೇಳೋ?” ಎಂದು ಅಕ್ಕ ಕೇಳಿದಳು.

“ಕರಿಯ ಬೆಕ್ಕು ಓಡ್ಸಾದನ್ನ,” ಎಂದೆ. ಕರಿಯ ನಮ್ಮ ಹಿಂಡು ಕಾಯುವ ನಾಯಿ.

“ಹಂಗಾರೆ ನಾವೂ ಓಡ್ಸಾಟ ಆಡಾಣ.”

ಹೊಸ ಆಟದಲ್ಲಿ ಅಕ್ಕ ತೋಳ, ನಾನು ಕುರಿಮರಿ. ಅಕ್ಕ ಕರಿ ಕಂಬಳಿಯನ್ನು ತಲೆತುಂಬ ಹೊದ್ದು, ಜಾರದಂತೆ ಕತ್ತಿನ ಹತ್ತಿರ ಹುರಿಯಿಂದ ಬಿಗಿದುಕೊಂಡಳು. ನನ್ನ ಬೆನ್ನಿಗೆ ಕಟ್ಟಿದ ಉಣ್ಣೆ ಮೂಗಿಗೆ ಬಂದು ಸೀನು ಬರುತ್ತಿತ್ತು. ತೋಳ ಮರಿಯ ಹತ್ತಿರ ಬಂದಾಗ ಮಕ್ಕಳೆಲ್ಲ “ಛೂ” ಎನ್ನಬೇಕು. ತೋಳದ ಮೇಲೆ ನಾಯಿ ಬಿಡುವಾಗ ನಮ್ಮವರು ಕೂಗುವುದೇ ಹಾಗೆ. ತೊದಲು ಮಾತಿನ ಕೂಸಿಗೂ ಅದು ಗೊತ್ತು. ಅದು ಇನ್ಯಾರಿಗೆ ಗೊತ್ತು ಎಂದು ಮಾತ್ರ ನಾವಿಬ್ಬರೂ ಯೋಚಿಸಲಿಲ್ಲ.

ಒಂದು ಮಗುವೂ ಎದ್ದು ಹೋಗಲಿಲ್ಲ. ಮಣ್ಣು ತಿನ್ನುವವಳು ಬಾಯಿ ತೆರೆದು ನೋಡುತ್ತಿದ್ದಳು. ಹಿಂಡು ಮರಳುವುದರೊಳಗೆ ಮುಗಿಸಬೇಕಿತ್ತು, ಆದರೆ ಮಕ್ಕಳು ಬಿಡಲಿಲ್ಲ. “ಇನ್ನೊಂದ್ ಸಲ ಅಕ್ಕ, ಇನ್ನೊಂದ್ ಸಲ.” ಅಕ್ಕ ಮತ್ತೆ ಗುರುಗುಟ್ಟಿದಳು. ಮಕ್ಕಳು “ಛೂ” ಎಂದರು. ಹಿಂಡಿನ ಮುಂದೆ ಬರುತ್ತಿದ್ದ ಕರಿಯ ಬೇಲಿ ಹಾರಿ ನಮ್ಮಿಬ್ಬರ ನಡುವೆ ನುಗ್ಗಿದ.

ಅವನು ನನ್ನನ್ನು ಹಿಂದಕ್ಕೆ ತಳ್ಳಿದ, ಮರಿಯನ್ನು ಕಾಯುವ ಹಾಗೆ. ಆಮೇಲೆ ತೋಳದ ಮೇಲೆ ಬಿದ್ದ. ಕಂಬಳಿಯೊಳಗಿಂದ ಅಕ್ಕನ ಕೂಗು ಅದುಮಿದಂತೆ ಕೇಳಿತು. ಗಂಟು ಬಿಚ್ಚಿಕೊಳ್ಳಲಿಲ್ಲ. ಮಕ್ಕಳು ಇದೂ ಆಟವೆಂದುಕೊಂಡು ಚಪ್ಪಾಳೆ ತಟ್ಟಿ ಇನ್ನೂ ಜೋರಾಗಿ “ಛೂ, ಛೂ” ಎನ್ನುತ್ತಿದ್ದರು. ಅವರು ಕೂಗಿದಷ್ಟೂ ಕರಿಯ ಕಚ್ಚುತ್ತಿದ್ದ.

ಅಪ್ಪ ಓಡಿ ಬಂದರು. ಸೊಪ್ಪು ಕೊಯ್ಯುವ ಕುಡುಗೋಲು ಮೇಲೆದ್ದಿತು. ಈಗಲೂ ಕಣ್ಣು ಮುಚ್ಚಿದರೆ ಅದು ಅಲ್ಲೇ, ಗಾಳಿಯಲ್ಲೇ ನಿಂತಿರುತ್ತದೆ. ನಾಯಿಯನ್ನು ಕಡಿಯುತ್ತಾರೆ ಎಂದುಕೊಂಡೆ. ಅಪ್ಪ ಕೊಯ್ದದ್ದು ಹುರಿಯನ್ನು. ಕಂಬಳಿ ಜಾರಿ ಅಕ್ಕನ ಮುಖ ಕಂಡಿತು.

“ನಾನ್ ಕಣೋ ಕರಿಯ,” ಎಂದಳು ಅಕ್ಕ, ಮೆಲ್ಲಗೆ.

ಕರಿಯ ಬಾಯಿ ಬಿಟ್ಟ. ಹೊಟ್ಟೆ ನೆಲಕ್ಕೆ ತಾಗಿಸಿ ಹಿಂದೆ ಹಿಂದೆ ಹೋದ. ಅಕ್ಕನ ತೋಳಿನಿಂದ ರಕ್ತ ಇಳಿಯುತ್ತಿತ್ತು. ಮಣ್ಣು ತಿನ್ನುವ ಹುಡುಗಿ ಅವಳ ಲಂಗ ಹಿಡಿದು, “ಇನ್ನೊಂದ್ ಸಲ,” ಎಂದಳು.

ಅಪ್ಪ ಗಾಯವನ್ನು ಸೋಪು ಹಚ್ಚಿ ತೊಳೆದು, ಸಿಕ್ಕ ಲಾರಿ ಹತ್ತಿಸಿ ಹಿರಿಯೂರಿನ ಆಸ್ಪತ್ರೆಗೆ ಕರೆದೊಯ್ದರು. ಸೂಜಿ ಮೇಲೆ ಸೂಜಿ. ಗಾಯ ಮಾಯಿತು. ಆದರೆ ಅಕ್ಕನೂ ನಾನೂ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದೆವು.

“ಇನ್ನ ಆಟಗೀಟ ಬ್ಯಾಡ ಕಣವ್ವ,” ಎಂದರು ಅಪ್ಪ.

“ತೋಳ ಬಂದ್ರೆ ಮರಿಗೆ ಹೆಂಗಾಗ್ತೈತೆ ಅಂತ ಆ ಮಕ್ಳಿಗೆ ಗೊತ್ತಾಗ್ಬೇಕಲ್ಲಪ್ಪ. ನಂಗೂ ಅಂಜಿಕೆ ಹೋಗ್ಬೇಕು,” ಎಂದಳು ಅಕ್ಕ. “ನೀವೇ ಕರಿಯನ್ನ ಹಿಡ್ಕಂಡು ಕುಂತ್ಕಳ್ರಿ.”

ಈ ಸಲ ಅಕ್ಕ ಮಕ್ಕಳೆದುರೇ ಕಂಬಳಿ ಹೊದ್ದಳು, ಗಂಟಿಲ್ಲದೆ, ಮುಖ ತೆರೆದು. ಈಗ ಮಕ್ಕಳೆಲ್ಲರೂ ಮರಿಗಳು. ತೋಳ ಬಂದಾಗ ಒತ್ತಾಗಿ ಕೂತು ಉಸಿರು ಬಿಗಿಹಿಡಿಯಬೇಕು, ಅಷ್ಟೇ. ಅಕ್ಕ ಒಂದೊಂದೇ ಹೆಜ್ಜೆ ಇಟ್ಟಳು. ಅಷ್ಟು ಚಿಕ್ಕವರು ಅಷ್ಟು ಮೌನವಾಗಿರಬಲ್ಲರೆಂದು ನನಗೆ ಗೊತ್ತಿರಲಿಲ್ಲ. ಅಪ್ಪನ ಕಾಲ ಬಳಿ ಕರಿಯ ಆಕಳಿಸಿದ.

ಈಗ, ಮೊಮ್ಮಕ್ಕಳೇ, ನಿಮ್ಮ ಶಾಲೆಯ ನಾಟಕಕ್ಕೆ ಬಣ್ಣದ ಬೆಳಕಿದೆ, ಮೈಕಿದೆ, ತೋಳಕ್ಕೆ ರಬ್ಬರಿನ ಹಲ್ಲಿದೆ. ನೀವು ಎಷ್ಟು ಕಿರುಚಿದರೂ ಯಾರೂ ಬೇಲಿ ಹಾರಿ ಬರುವುದಿಲ್ಲ. ಆದರೂ ನೀವು ಕಿರುಚಿದಾಗ ಈ ತಾತ ಬಾಗಿಲ ಕಡೆ ನೋಡುವುದೇಕೆ ಎಂದು ಕೇಳಿದ್ದಿರಲ್ಲ, ಇದಕ್ಕೇ.

ಆ ಮೌನದ ಆಟ ಆಡಿದ ದಿನ ರಾತ್ರಿ ಉಂಡು ಮಲಗಿದ ಅಕ್ಕನೂ ನಾನೂ ಒಮ್ಮೆಯೂ ಬೆಚ್ಚದೆ ನಿದ್ದೆ ಮಾಡಿ ಕಣ್ಣು ಬಿಟ್ಟಾಗ ಬಿಸಿಲು ಏರಿತ್ತು. ಹಿಂಡು ಆಗಲೇ ಮೇಯಲು ಹೋಗಿಯಾಗಿತ್ತು.