ಹತ್ತು ಬಾಟಲಿ, ಒಂದು ಅಂಗೈ

ಶಕುನ, ಕೈಗುಣ, ದೃಷ್ಟಿ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಹಾಗಿದ್ದೂ ಇದನ್ನು ಬರೆಯುತ್ತಿದ್ದೇನಲ್ಲ, ನೀವು ನಕ್ಕರೆ ತಪ್ಪಿಲ್ಲ.

ಕೆಲವು ವರ್ಷಗಳ ಹಿಂದೆ ತುರ್ಭೆ ಎಂಬ ಹೊರರಾಜ್ಯದ ಊರಿನ ಒಂದು ಲ್ಯಾಬಿನಲ್ಲಿದ್ದೆ. ಔಷಧದ ಅಣುವಿನಿಂದ ಕೆಲವು ಹೈಡ್ರೋಜನ್ ತೆಗೆದು, ಅದರದೇ ಎರಡು ಪಟ್ಟು ಭಾರದ ಅಣ್ಣ ಡ್ಯುಟೀರಿಯಂ ಕೂರಿಸುವುದು ನಮ್ಮ ಕಸುಬು. ರಕ್ತದಲ್ಲಿ ಔಷಧ ಎಷ್ಟಿದೆಯೆಂದು ಅಳೆಯುವ ಸಂಶೋಧಕರಿಗೆ ಅದು ಬೇಕು. ಸಾದಾ ಪುಡಿಗೂ ಇದಕ್ಕೂ ಬಣ್ಣ, ವಾಸನೆ ಯಾವುದರಲ್ಲೂ ವ್ಯತ್ಯಾಸ ಕಾಣದು, ಮಷೀನೇ ಹೇಳಬೇಕು.

ದಸರೆಯ ದಿನ ನಮ್ಮ ಮ್ಯಾನೇಜರ್ ಸಾಹೇಬರು, ಪಿಎಚ್.ಡಿ. ಮಾಡಿದ ಮಹಾನುಭಾವರು, ಆ ಮಷೀನಿಗೆ ಕುಂಕುಮ ಬಳಿದು ಹಾರ ಹಾಕಿದರು. ಪೂಜೆಯಾದ ಮೇಲೆ ನಾಳೆಯವರೆಗೆ ಅದನ್ನು ಮುಟ್ಟುವಂತಿಲ್ಲವಂತೆ. ಥೂ! ಪೂಜೆಗೆ ಎಲ್ಲ ಥಳಥಳ ಇರಲೆಂದು ಕಸ ಗುಡಿಸುವ ಶಾಂತಮ್ಮ ಹತ್ತು ಪುಟ್ಟ ಬಾಟಲಿಗಳನ್ನು ಸ್ಪಿರಿಟ್ ಹಚ್ಚಿ ಒರೆಸಿದ್ದಳು. ಮಾರ್ಕರಿನಲ್ಲಿ ಬರೆದ ನಂಬರೆಲ್ಲ ಮಾಯ. ಐದು ಸಾದಾ, ಐದು ಡ್ಯುಟೀರಿಯಂ. ಯಾವುದು ಯಾವುದೋ ದೇವರೇ ಬಲ್ಲ. "ಕಲ್ ಸೇ ಇಸ್ಕಿ ಛುಟ್ಟಿ!" ಎಂದು ಅವಳನ್ನು ಕೆಲಸದಿಂದ ತೆಗೆದ ಸಾಹೇಬರು ಪೇಡಾ ತಿನ್ನಲು ಹೋದರು.

ಕಲಬುರಗಿ ಕಡೆಯ ಶಾಂತಮ್ಮನ ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ. "ಸರ, ನಾ ಬ್ಯಾರೆ ಮಾಡಿ ಕೊಡ್ಲೇನ್ರಿ?" ಎಂದಳು.

ನಾನು ಜೋರಾಗಿ ನಕ್ಕೆ. "ಮಾಡಮ್ಮ, ಮಾಡು. ಸರಿ ಬಂದ್ರೆ ಸಾಹೇಬ್ರ ಹತ್ರ ನಾನೇ ಮಾತಾಡ್ತೇನೆ."

ಅವಳು ಒಂದೊಂದನ್ನೇ ಅಂಗೈಯಲ್ಲಿ ಹಿಡಿದು, ಐದನ್ನು ಎಡಕ್ಕೆ, ಐದನ್ನು ಬಲಕ್ಕೆ ಇಟ್ಟಳು. "ಬಲಕ್ಕಿರೋವು ಸಾದಾ ಅಲ್ರಿ, ನಿಮ್ಮ ಔಷಧಿವು ನೋಡ್ರಿ." ಹೇಗೆ ಗೊತ್ತಾಯಿತೆಂದರೆ, "ಕೈಗಿ ತಿಳೀತದ್ರಿ," ಎಂದಳು, ಅಷ್ಟೇ. ಹೊಸ ನಂಬರ್ ಬರೆದು ಕಪಾಟಿಗೆ ಬೀಗ ಹಾಕಿದೆ. ನಾಳೆ ನಗಲು ಒಂದು ವಿಷಯ ಸಿಕ್ಕಿತೆಂದು ಖುಷಿಯೇ ಆಗಿತ್ತು.

ಬೆಳಿಗ್ಗೆ ಮಷೀನ್ ಓಡಿಸಿದೆ. ಹತ್ತಕ್ಕೆ ಹತ್ತೂ ಸರಿ! ಇನ್ನೊಮ್ಮೆ ಓಡಿಸಿದೆ, ಅದೇ. ಎಲ್ಲದಕ್ಕೂ ಒಂದೇ ತೂಕದ ಪುಡಿ ತುಂಬಿದವನು ನಾನೇ. ಬಾಟಲಿಗಳೂ ಒಂದೇ ಡಬ್ಬದವು. ಇವತ್ತಿಗೂ ತಲೆ ಕೆಡಿಸಿಕೊಳ್ಳುತ್ತೇನೆ, ಏನೂ ಹೊಳೆಯುವುದಿಲ್ಲ.

"ಮಷೀನ್ ನೇ ಬಚಾ ಲಿಯಾ," ಮಷೀನೇ ನಮ್ಮನ್ನು ಉಳಿಸಿತು ಎಂದು ಸಾಹೇಬರು ಮಷೀನಿಗೆ ಮತ್ತೆ ಕೈ ಮುಗಿದರು. ನಾನು ಮಾತು ಕೊಟ್ಟಿದ್ದೆನೆಂದು ಶಾಂತಮ್ಮ ಬಂದು ಬಾಗಿಲಲ್ಲಿ ನಿಂತಿದ್ದಳು. ಎಂ.ಎಸ್ಸಿ. ಓದಿದವನು ಕಸದವಳ ಕೈಯನ್ನು ನಂಬಿದನೆಂದು ಆ ಕುಂಕುಮದ ಪಂಡಿತ ನಕ್ಕಾನೆಂಬ ಹೆದರಿಕೆಗೆ ನಾನು ಬಾಯಿ ಬಿಡಲಿಲ್ಲ. ಅವರಿಗಿಂತ ಕಡೆ ನಾನು.

ಸಾಹೇಬರು ಹೋದ ಮೇಲೆ ಅವಳು ಮೆಲ್ಲಗೆ, "ಸರಿ ಬಂದಾವೇನ್ರಿ ಸರ?" ಎಂದು ಕೇಳಿದಳು.

"ಇಲ್ಲ," ಎಂದೆ.

"ಹೌದ್ರೀ?" ಎಂದವಳು ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತ ಹೊರಟುಹೋದಳು.